ಬಾಳ ಬೇಸ್ ಇತ್ರಿ

ನನಗೊಂದು ಚಟ ಇದೆ. ಗಿಟಾರ್ ಕೊರಳಿಗೆ ಬಿತ್ತೆಂದರೆ ಕಣ್ಣು ತಾವಾಗಿ ಮುಚ್ಚಿಕೊಳ್ಳುತ್ತವೆ. ಮುಚ್ಚಿದ ಮೇಲೆ ನಾನು ಎಲ್ಲಿರುತ್ತೇನೋ ನನಗೇ ಗೊತ್ತಿರುವುದಿಲ್ಲ. ಒಂದೊಂದು ಸಲ ಮೋಡದೊಳಗೆ, ಒಂದೊಂದು ಸಲ ಕಾಲುವೆಯ ತಳದಲ್ಲಿ. ಕಣ್ಣು ಬಿಟ್ಟಾಗ ಮಾತ್ರ ಏನಾದರೂ ಒಂದು ಎಡವಟ್ಟು ಎದುರಿಗೆ ನಿಂತೇ ಇರುತ್ತದೆ. ಹೀಗಾಗಿ ಇಂಥವೆಲ್ಲ ಹುಡುಕಿಕೊಂಡು ಬಂದು ನನಗೇ ಆಗುತ್ತವೆ. "ಒಂದ್ ಸಲನಾದ್ರೂ ಸುಮ್ನ ಹೋಗಿ ಸುಮ್ನ ಬರ್ರಿ" ಎಂದು ನನ್ನ ಹೆಂಡತಿ ಪ್ರತಿ ಕಾರ್ಯಕ್ರಮಕ್ಕೂ ಬಾಗಿಲಲ್ಲಿ ನಿಂತು ಹೇಳಿಯೇ ಕಳಿಸುತ್ತಾಳೆ. ಸುಮ್ಮನೆ ಹೋಗುವುದೇನೋ ಹೋಗುತ್ತೇನೆ. ಬರುವುದು ನನ್ನ ಕೈಯಲ್ಲಿಲ್ಲ.

ಹೊಟ್ಟೆಪಾಡಿಗೆ ನಾನು ಬಳ್ಳಾರಿಯ ಜೀನ್ಸ್ ಹೊಲಿಯುವ ಒಂದು ಕಾರ್ಖಾನೆಯಲ್ಲಿ ಟೇಲರ್. ಪ್ಯಾಂಟಿನ ಹಿಂದಿನ ಜೇಬು ನನ್ನ ಪಾಲು. ಸಾಲಾಗಿ ಕೂತ ಮಷೀನುಗಳೆಲ್ಲ ಒಟ್ಟಿಗೆ ತಿರುಗುವಾಗ ಒಂದು ಗುಂಯ್ ಏಳುತ್ತದಲ್ಲ, ಅದು ನನ್ನ ಗಿಟಾರಿನ ದಪ್ಪ ತಂತಿಯ ಸ್ವರಕ್ಕೆ ಸರಿಯಾಗಿ ಕೂಡುತ್ತದೆ. ಆ ಸದ್ದಿನಲ್ಲಿ ತೇಲಿಹೋಗಿ ಒಮ್ಮೆ ಒಂದೇ ಪ್ಯಾಂಟಿಗೆ ಮೂರು ಜೇಬು ಹೊಲಿದದ್ದೂ ಇದೆ. ರಜೆಯ ದಿನ ಮಾತ್ರ ನಾನು ಆರ್ಕೆಸ್ಟ್ರಾದವನು. ಬೇರೆ ಯಾರೋ ಹಾಡಿ ಹೆಸರಾದ ಹಾಡುಗಳನ್ನು ನಾವು ಮದುವೆ, ನಿಶ್ಚಿತಾರ್ಥ, ಗೃಹಪ್ರವೇಶಗಳಲ್ಲಿ ಮತ್ತೊಮ್ಮೆ ಹಾಡುತ್ತೇವೆ. ಅದರಲ್ಲಿ ನಾನು ಬೇಸ್ ಗಿಟಾರಿನವನು.

ಉಳಿದೆರಡು ತಂತಿ

ಬೇಸ್ ಗಿಟಾರ್ ನನ್ನ ಪಾಲಿಗೆ ಬಂದದ್ದು ಅದು ಯಾರಿಗೂ ಬೇಡವಾಗಿತ್ತು ಅಂತ. ಆರ್ಕೆಸ್ಟ್ರಾದ ಕೋಣೆಯ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು. ಸಾದಾ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕೇ. ಆದರೆ ಒಂದೊಂದೂ ಸಣ್ಣ ಹಗ್ಗದಷ್ಟು ದಪ್ಪ. ಇದರ ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ಗೊತ್ತಾಗುತ್ತದೆ. ಮೊದಲ ಸಲ ಮೀಟಿದಾಗ ಎದೆಯೊಳಗೆ ಯಾರೋ ನಿಧಾನಕ್ಕೆ ಬಾಗಿಲು ತೆರೆದಂತಾಯಿತು. ಅವತ್ತು ಬಿದ್ದವನು ನೋಡ್ರಿ, ಇನ್ನೂ ಎದ್ದಿಲ್ಲ.

ಮನೆಗೆ ತಂದೆ. ಪಕ್ಕದ ಮನೆಯ ಚಿಗವ್ವ ಬಂದು ಅದನ್ನು ಸುತ್ತಮುತ್ತ ನೋಡಿ ನಮ್ಮವ್ವನ ಕಿವಿಯಲ್ಲಿ ಹೇಳಿದಳು: "ಅಲ್ಲವ್ವಾ, ನಾ ಟಿವಿಯಾಗ ನೋಡೀನಿ, ಗಿಟಾರಿಗೆ ಆರು ತಂತಿ ಇರ್ತಾವ. ನಿನ್ನ ಮಗನಿಗೆ ಯಾರೋ ಚಲೋ ಟೋಪಿ ಹಾಕ್ಯಾರ."

ಮರುದಿನ ನಾನು ಕೆಲಸದಿಂದ ಬಂದಾಗ ನನ್ನ ಮಂಚದ ಮೇಲೆ ಹೊಸ ಕಬ್ಬಿಣದ ತಂತಿಯ ಸುರುಳಿಯೊಂದು ಕೂತಿತ್ತು.

"ಎರಡಕ್ಕ ಆಗೋವಷ್ಟು ತಂದೀನಿ, ಕಟಗೋ" ಅಂದಳು ಅವ್ವ. "ನಾಕು ಮಂದಿ ಮುಂದ ನಮ್ಮ ಮನಿ ಹುಡುಗ ಅರ್ಧಮರ್ಧ ಸಾಮಾನು ಹಿಡಕೊಂಡು ನಿಂದ್ರಬಾರದು."

ನಾನು ಅವಳನ್ನು ಕೂಡಿಸಿಕೊಂಡು ಇದು ಬೇರೆ ಜಾತಿಯ ಗಿಟಾರು, ಇದರ ಕೆಲಸ ಬೇರೆ, ಹಾಡಿನ ಅಡಿಪಾಯ ಇದೇ, ಎಲ್ಲರೂ ಇದರ ಮೇಲೇ ನಿಂತಿರುತ್ತಾರೆ ಅಂತ ಒಂದು ತಾಸು ತಿಳಿಸಿ ಹೇಳಿದೆ. ಅವ್ವ ತಲೆಯಾಡಿಸುತ್ತ ಎಲ್ಲ ಕೇಳಿದಳು.

"ಆತು. ಈಗ ನೀ ಕಟ್ಟತೀಯೋ, ನಾನೇ ಕಟ್ಟಲೋ?" ಅಂದಳು.

ಆ ತಂತಿ ಈಗ ನಮ್ಮ ಮಾಳಿಗೆಯ ಮೇಲೆ ಬಟ್ಟೆ ಒಣಗಿಸುವ ತಂತಿಯಾಗಿದೆ. ಗಾಳಿ ಬೀಸಿದರೆ ಸಣ್ಣಗೆ ಗುಂಯ್ ಅನ್ನುತ್ತದೆ. ಸಂಜೆ ಹೊತ್ತು ಕೋಟೆ ಗುಡ್ಡದ ಕಡೆ ಮುಖ ಮಾಡಿ ಕೂತು ಅದನ್ನು ಕೇಳುವುದೆಂದರೆ ನನಗೆ ಪ್ರಾಣ. ನಮ್ಮ ಕೀಬೋರ್ಡಿನವನು ಒಮ್ಮೆ ಮನೆಗೆ ಬಂದಾಗ ಅದಕ್ಕೆ ಕಿವಿಗೊಟ್ಟು ನಿಂತು, "ಲೇ, ನಿಂದಕ್ಕಿಂತ ಇದರ ಟೋನೇ ಬೇಸ್ ಐತಿ" ಅಂದು ಹೋದ.

ಹೆಸರೇ ಬೇಸ್

ಈ 'ಬೇಸ್' ಅನ್ನುವ ಮಾತನ್ನು ಇಲ್ಲೇ ಬಿಡಿಸಿ ಹೇಳಿಬಿಡಬೇಕು, ಮುಂದೆ ಇದೇ ನನ್ನ ತಲೆ ತಿಂದದ್ದು. ನಮ್ಮ ಬಳ್ಳಾರಿ ಸೀಮೆಯಲ್ಲಿ ಚೆನ್ನಾಗಿದೆ ಅನ್ನುವುದಕ್ಕೆ 'ಬೇಸ್ ಐತಿ' ಅನ್ನುತ್ತೇವೆ. ಊಟ ಬೇಸ್, ಮಳೆ ಬೇಸ್, ಸೊಸೆ ಬೇಸ್. ಎದುರಿಗೆ ಸಿಕ್ಕವರನ್ನು 'ಬೇಸ್ ಅದೀರೇನ್ರಿ?' ಅಂತ ಕೇಳಿಯೇ ಮುಂದಿನ ಮಾತು. ಇಂಥ ಊರಲ್ಲಿ ನನ್ನ ವಾದ್ಯದ ಹೆಸರೂ ಬೇಸ್.

ನಾವು ಎಲ್ಲಿ ಕಾರ್ಯಕ್ರಮ ಕೊಟ್ಟರೂ ಅಲ್ಲಿಗೊಂದು ಮಿರ್ಚಿ ಬಜ್ಜಿಯ ಬಂಡಿ ಬರುತ್ತದೆ. ನಡೆಸುವಾಕೆಗೆ ಎಲ್ಲರೂ ಮಿರ್ಚಿ ಅವ್ವ ಅಂತಲೇ ಅನ್ನುವುದು. ವಯಸ್ಸಾಗಿದೆ, ಕಿವಿ ಹೆಚ್ಚುಕಮ್ಮಿ ಪೂರಾ ಹೋಗಿದೆ, ನಾಲಿಗೆ ಮಾತ್ರ ಗಟ್ಟಿ. ವೇದಿಕೆಗೆ ಬೆನ್ನು ಮಾಡಿ ಎಣ್ಣೆ ಬಾಣಲಿಯ ಮುಂದೆ ನಿಂತಿರುತ್ತಾಳೆ. ನನ್ನ ಆಂಪ್ಲಿಫೈಯರು, ಅಂದರೆ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ, ಎರಡಾಳು ಹೊರುವಂಥದ್ದು. ವೇದಿಕೆ ಅಲುಗಾಡುತ್ತದೆ ಅಂತ ಅದನ್ನು ಕೆಳಗೆ ನೆಲದ ಮೇಲೆ, ಅವಳ ಬಂಡಿಯ ಕಡೆಗೇ ಇಡುವುದು ವಾಡಿಕೆ.

ಒಂದು ದಿನ ಹಾಡು ಶುರುವಾಗುವ ಮುಂಚೆ ಅವಳು ನನ್ನನ್ನು ಕರೆದಳು. "ನೀ ಬಾರಸ್ತೀಯಲ, ಅದರ ಹೆಸರೇನಪ?"

"ಬೇಸ್" ಅಂತ ಕೂಗಿದೆ.

"ಬೇಸ್ ಐತಿ ಅಂಬೋದು ನನಗೂ ಗೊತ್ತೈತಿ. ಹೆಸರು ಹೇಳು."

"ಹೆಸರೇ ಬೇಸ್ ಅವ್ವಾ!"

ಅವಳು ಜರಡಿ ಸೌಟನ್ನು ಬಾಣಲಿಯ ಮೇಲೆ ಹಿಡಿದು ನನ್ನನ್ನು ಅಡಿಯಿಂದ ಮುಡಿತನಕ ನೋಡಿದಳು. "ನಿಂದು ನೀನೇ ಬೇಸ್ ಅಂತ ಹೆಸರಿಟಗೊಂಡರ ಹೆಂಗಪ? ಮಂದಿ ಅನಬೇಕು."

ನಾನು ಸೋತು ಹೊರಡುವವನಿದ್ದೆ. ಆಗ ಅವಳು ಬಂಡಿಯ ಮೇಲಿನ ತಟ್ಟೆಯನ್ನು ತೋರಿಸಿದಳು. ಅದರಲ್ಲಿ ಚಹಾದ ಸ್ಟೀಲ್ ಲೋಟಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟಿದ್ದಳು. "ನೀ ಬಾರಿಸಿದ್ರ ಇವು ಕುಣಿತಾವ. ಇವು ಕುಣದ್ರ ಹಾಡು ಚಾಲೂ ಆತು ಅಂತ. ಮಂದಿ ಅಲ್ಲಿ ಕುಂತಿರ್ತಾರ, ನಾ ಉರಿ ಸಣ್ಣ ಮಾಡ್ತೀನಿ. ಇವು ನಿಂತ್ರ ಹಾಡು ಮುಗೀತು, ಎಲ್ಲಾರೂ ಇತ್ತಾಗ ಓಡಿ ಬರ್ತಾರ, ಎಣ್ಣಿಗೆ ಮಿರ್ಚಿ ಬಿಡ್ತೀನಿ. ನನಗ ಅದರ ಹೆಸರು ತಗಂಡು ಏನ್ ಆಗಬೇಕು?"

ಅವತ್ತು ನನಗೆ ಕುಣಿದಾಡುವಷ್ಟು ಖುಷಿಯಾಯಿತು. ನನ್ನ ಸಂಗೀತದಿಂದ ಈ ಪ್ರಪಂಚದಲ್ಲಿ ಒಂದು ಕೆಲಸ ನಡೆಯುತ್ತಿದೆ ಅಂತಾಯಿತಲ್ಲ, ಅದು ಮೆಣಸಿನಕಾಯಿ ಕರಿಯುವ ಕೆಲಸವೇ ಆಗಲಿ!

ತಿರುಗಿಸುವ ಗುಂಡಿ

ನಮ್ಮ ಆರ್ಕೆಸ್ಟ್ರಾದ ಯಜಮಾನರಿಗೆ ಮೊಣಕಾಲು ನೋವು ಶುರುವಾಗಿ ಅವರು ಎಲ್ಲವನ್ನೂ ಅಳಿಯನಿಗೆ ಒಪ್ಪಿಸಿದರು. ಅಳಿಯ ಮೈಸೂರು ಕಡೆಯವರು, ಬಳ್ಳಾರಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಒಳ್ಳೆಯ ಮನುಷ್ಯ, ಆದರೆ ಎಲ್ಲದಕ್ಕೂ ಕಾರಣ ಬೇಕು. ಕಾರಣ ಸಿಗದ ವಸ್ತುವನ್ನು ಕಂಡರೆ ನಿದ್ದೆ ಬರುವುದಿಲ್ಲ. ಮೊದಲ ವಾರವೇ ಅವರ ಕಣ್ಣು ನನ್ನ ಮೇಲೆ ಬಿತ್ತು.

"ನೋಡಿ, ತಪ್ಪು ತಿಳ್ಕೋಬೇಡಿ" ಅಂತ ಶುರು ಮಾಡಿದರು. "ಕೀಬೋರ್ಡಿನವರು ಎಡಗೈಯಲ್ಲಿ ಇದೇ ಸೌಂಡ್ ತೆಗೀತಾರೆ. ನಿಮ್ಮ ಪೆಟ್ಟಿಗೆ ಗಾಡೀಲಿ ಮೂರು ಸೀಟು ತಿನ್ನುತ್ತೆ. ನೀವು ಏನು ನುಡಿಸ್ತೀರ ಅಂತ ನನಗಂತೂ ಇವತ್ತಿಗೂ ಕೇಳಿಸಿಲ್ಲ."

ನಾನು ಸಹಾಯಕ್ಕೆ ಅಂತ ಸೌಂಡ್ ಸಿಸ್ಟಮಿನ ಭಾಯಿಯ ಕಡೆ ನೋಡಿದೆ. ಅವನು ಬಹಳ ವರ್ಷದ ಸ್ನೇಹಿತ.

"ನೀವೇ ಹೇಳಿ, ಇವರ ಬೇಸ್ ಗಿಟಾರ್ ಇಲ್ಲದಿದ್ರೆ ನಿಮಗೇನಾದ್ರೂ ತೊಂದರೆ ಆಗುತ್ತಾ?" ಎಂದು ಅವನನ್ನೇ ಕೇಳಿದರು ಅಳಿಯ.

ಭಾಯಿ ಸದ್ದು ಏರಿಳಿಸುವ ತನ್ನ ಮಿಕ್ಸರಿನ ಮೇಲೆ ಪ್ರೀತಿಯಿಂದ ಕೈಯಾಡಿಸಿದ. "ನಮಗೇನ್ ತೊಂದ್ರಿ ಸಾಬ್? ಬೇಸ್ ಇದರಾಗೇ ಐತಿ. ಈ ಗುಂಡಿ ತಿರುವಿದ್ರ ಆತು."

ಭಾಯಿ ಸ್ನೇಹಿತ ಹೌದು, ಆದರೆ ಸುಳ್ಳು ಹೇಳುವವನಲ್ಲ. ಅವತ್ತು ಒಂದಿಷ್ಟು ಹೇಳಬಹುದಿತ್ತು.

ನನ್ನ ಮುಖ ನೋಡಿ ಅಳಿಯನಿಗೇ ಪಾಪ ಅನ್ನಿಸಿರಬೇಕು. "ಆಯ್ತು, ಒಂದು ಕೆಲಸ ಮಾಡೋಣ. ದೀಪಾವಳಿವರೆಗೂ ಇರಿ. ಅಷ್ಟರೊಳಗೆ ಕೇಳೋ ಜನರಲ್ಲಿ ಒಬ್ಬರು, ಒಬ್ಬರೇ ಒಬ್ಬರು, ತಾವಾಗಿ ಬಂದು ನಿಮ್ಮ ಬೇಸ್ ಬಗ್ಗೆ ನನ್ನ ಹತ್ರ ಒಂದು ಮಾತು ಹೇಳಿದ್ರೆ ನಿಮ್ಮ ಸೀಟು ಗಟ್ಟಿ" ಅಂದರು.

ಮನೆಗೆ ಬಂದು ಊಟ ಮಾಡದೆ ಕೂತೆ. ಹೆಂಡತಿ ಕೇಳಿದ್ದಕ್ಕೆ ಎಲ್ಲ ಹೇಳಿದೆ. ಕಣ್ಣಲ್ಲಿ ನೀರು ಬಂತು ಅಂತ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಜೇಬು ಹೊಲಿಯುವವರು ಬಳ್ಳಾರಿ ತುಂಬ ಇದ್ದಾರೆ, ನಾನು ಹೋದರೆ ಇನ್ನೊಬ್ಬ. ಆ ಗಿಟಾರು ಹಿಡಿದಾಗ ಮಾತ್ರ ನಾನು ನಾನು.

"ಒಬ್ಬರು ತಾನೇ? ನಾನೇ ಬಂದು ಹೇಳ್ತೀನಿ ತಗೋರಿ" ಅಂದಳು ಹೆಂಡತಿ.

"ನಿನಗ ನನ್ನ ಬೇಸ್ ಕೇಳಸ್ತೈತೇನು?"

ಅವಳು ನನ್ನ ತಾಟನ್ನು ಮುಂದೆ ಸರಿಸಿದಳು. "ನೀವು ಡ್ರಮ್ ಬಾರಸ್ತೀರಲ್ಲ, ಅದಾ?"

ಭಾಷಣಕ್ಕೊಂದು ಶ್ರುತಿ

ಸಿರುಗುಪ್ಪದಲ್ಲಿ ಒಂದು ಅಕ್ಕಿ ಗಿರಣಿಯ ಪ್ರಾರಂಭೋತ್ಸವ. ಸಂಜೆ ನಾಲ್ಕು ಗಂಟೆ. ಭತ್ತದ ಧೂಳು ಬಿಸಿಲಿನಲ್ಲಿ ಬಂಗಾರದಂತೆ ತೇಲುತ್ತಿತ್ತು. ಹಳೆಯದೊಂದು ನಿಧಾನದ ಹಾಡು. ನನ್ನ ಕಣ್ಣು ಯಾವಾಗ ಮುಚ್ಚಿದವೋ ಗೊತ್ತಿಲ್ಲ. ನಾನು ತುಂಗಭದ್ರೆಯ ಮೇಲೆ ಅಂಗಾತ ಮಲಗಿ ತೇಲಿಕೊಂಡು ಹೋಗುತ್ತಿದ್ದೆ. ದಂಡೆಯ ಮೇಲೆ ಯಾರೋ ನನ್ನ ಹೆಸರು ಹಿಡಿದು ಕರೆದಂತಾಗುತ್ತಿತ್ತು. ಓಗೊಡುವ ಮನಸ್ಸಿರಲಿಲ್ಲ.

ನಡೆದದ್ದನ್ನು ಕೀಬೋರ್ಡಿನವನು ಆಮೇಲೆ ಹೇಳಿದ: ಹಾಡು ಮುಗಿದಿತ್ತು. ಎಲ್ಲರೂ ನಿಲ್ಲಿಸಿದ್ದರು. ಮುಖ್ಯ ಅತಿಥಿಗಳು ಮೈಕಿನ ಮುಂದೆ ಬಂದು ಭಾಷಣ ಶುರು ಮಾಡಿಬಿಟ್ಟಿದ್ದರು. ನಾನೊಬ್ಬ ಮಾತ್ರ ಗುಂ... ಗುಂ... ಅಂತ ಅವರ ಹಿಂದೆ ನಿಂತು ಬಾರಿಸುತ್ತಲೇ ಇದ್ದೆ.

ಆ ಅತಿಥಿಗಳು ಮೈಕು ಹಿಡಿದರೆ ಜನ ಎದ್ದು ಹೋಗಲು ಚಪ್ಪಲಿ ಹುಡುಕುತ್ತಿದ್ದರಂತೆ. ಅವತ್ತು ಅವರ ಮಾತಿಗೇ ಒಂದು ನಡಿಗೆ ಬಂತು. "ಸಿರುಗುಪ್ಪದ ಅಕ್ಕಿ" ಅಂದರು, ಗುಂ. "ಎಲ್ಲೆಲ್ಲಿ ಹೋಗೈತಿ" ಅಂದರು, ಗುಂ ಗುಂ. ಜನ ಚಪ್ಪಾಳೆ ತಟ್ಟಿದರು. ಅವರು ಕೈಯೆತ್ತಿದರು, ದನಿ ಏರಿಸಿದರು, ಒಂದು ಸಾಲನ್ನು ಎರಡೆರಡು ಸಲ ಹೇಳಿದರು. ಹಿಂದಿನ ಸಾಲಿನವರು ಸಿಳ್ಳೆ ಹಾಕಿದರು. ಕೀಬೋರ್ಡಿನವನು ತೊಡೆ ಚಿವುಟಿದಾಗ ನಾನು ಕಣ್ಣು ಬಿಟ್ಟೆ. ಅಳಿಯ ವೇದಿಕೆಯ ಪಕ್ಕದಲ್ಲಿ ನಿಂತು ನನ್ನನ್ನು ಸುಡುವಂತೆ ನೋಡುತ್ತಿದ್ದರು.

ಭಾಷಣ ಮುಗಿಸಿ ಇಳಿದ ಅತಿಥಿಗಳು ನೇರ ಅಳಿಯನ ಹತ್ತಿರವೇ ಹೋದರು. "ಎಷ್ಟೋ ವರ್ಷದಿಂದ ಭಾಷಣ ಮಾಡ್ತಾ ಬಂದೀನ್ರಿ. ಇವತ್ತಿನಂಗ ಯಾವತ್ತೂ ಆಗಿದ್ದಿಲ್ಲ. ಮಾತು ತಾವಾಗೇ ಬಂದ್ವು. ಎದಿಯಾಗ ಒಂದೇ ಸವನ ಗುಂ ಗುಂ ಅಂತಿತ್ತು."

ಸಿಕ್ಕರಲ್ಲಪ್ಪ ಒಬ್ಬರು! ಅಳಿಯನೂ ನನ್ನ ಕಡೆ ತಿರುಗಿ ಹುಬ್ಬೇರಿಸಿದರು.

ಅತಿಥಿಗಳು ಎದೆಯ ಮೇಲೆ ಕೈಯಿಟ್ಟುಕೊಂಡರು. "ನಾಳಿ ಬಳ್ಳಾರಿಗೆ ಹೋಗಿ ಡಾಕ್ಟರಿಗೆ ತೋರಿಸಿಬಿಡ್ತೀನಿ" ಅಂದರು.

ಎಂಟು ಮಂದಿ

ಹಚ್ಚೊಳ್ಳಿಯಲ್ಲಿ ಒಂದು ನಿಶ್ಚಿತಾರ್ಥ. ಕಾಲುವೆ ದಂಡೆಯ ದಾರಿಯಲ್ಲಿ ನಮ್ಮ ಗಾಡಿ ಕೆಸರಿಗೆ ಹೂತು ಕೂತಿತು. ಹೆಣ್ಣಿನ ಕಡೆಯವರು ಟ್ರಾಕ್ಟರ್ ಕಳಿಸಿದರು. ಟ್ರೈಲರಿನಲ್ಲಿ ಸ್ಪೀಕರುಗಳು, ಸ್ಪೀಕರಿನ ಮೇಲೆ ಗಾಯಕಿ, ಗಾಯಕಿಯ ತೊಡೆಯ ಮೇಲೆ ತಬಲಾ. ನಾನು ನನ್ನ ಪೆಟ್ಟಿಗೆಯನ್ನು ಅಪ್ಪಿಕೊಂಡು ಕೂತೆ. ಎರಡೂ ಕಡೆ ಹಸಿರು ಗದ್ದೆ, ಮುಂದೆ ಕಾಲುವೆಯ ನೀರಿನಲ್ಲಿ ಆಕಾಶ. ಇಂಥ ಕಡೆ ಕೆಲಸಕ್ಕೆ ಅಂತ ಬರುವುದೇ ತಪ್ಪು, ಸುಮ್ಮನೆ ಬಂದು ಬಿದ್ದುಕೊಳ್ಳಬೇಕು.

ಗದ್ದೆಯ ಅಂಚಿನಲ್ಲೇ ಶಾಮಿಯಾನ. ಬಿಸಿಲಿಳಿಯುವ ಹೊತ್ತಿಗೆ ಎಲ್ಲ ಜೋಡಿಸಿದ್ದಾಯಿತು. ಸದ್ದು ಸರಿಯಿದೆಯೋ ನೋಡಲು ನಾನೊಬ್ಬನೇ ನಿಂತು ದಪ್ಪ ತಂತಿಯನ್ನು ಉದ್ದಕ್ಕೆ ಮೀಟಿದೆ. ಆ ಬಯಲಿನಲ್ಲಿ ಅದು ಎಷ್ಟು ದೂರ ಹೋಗಿ ಬಂತು ಅಂತೀರಿ! ಇನ್ನೊಮ್ಮೆ ಮೀಟಿದೆ. ಕಣ್ಣು ಮುಚ್ಚಿದವು.

ಬಿಟ್ಟಾಗ ಎದುರಿಗೆ ಎಂಟು ಎಮ್ಮೆಗಳು ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದವು. ಮೈಯಿಂದ ಕಾಲುವೆಯ ನೀರು ಇನ್ನೂ ಸೋರುತ್ತಿತ್ತು. ಯಾವುದೂ ಕಿವಿ ಅಲುಗಿಸುತ್ತಿರಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಮನಸ್ಸಿಟ್ಟು ಯಾರೂ ನನ್ನನ್ನು ಕೇಳಿಲ್ಲ.

ಹಿಂದೆಯೇ ಅವುಗಳ ಯಜಮಾನ ಕೋಲು ಹಿಡಿದು ಓಡಿಬಂದ. "ಯಾವನಲೇ ನನ್ನ ಎಮ್ಮಿ ಕರದಾಂವ?"

"ನಾ ಕರದಿಲ್ಲ ಮಾವಾ, ಬಾರಿಸಿದೆ" ಅಂದೆ.

"ಅದೇ ಮತ್ತ! ಥೇಟ್ ಕ್ವಾಣ ಒದರಿದಂಗ ಆತು. ನೀರಾಗ ಬಿದ್ದಿದ್ವು, ಎಲ್ಲಾ ಒಮ್ಮೆಲೇ ಎದ್ದು ಬಂದ್ವು."

ನಾನು ಅಳಿಯನನ್ನು ಕರೆತಂದು ತೋರಿಸಿದೆ. "ಸರ್, ಒಬ್ಬರು ಅಂದಿದ್ರಿ. ಎಂಟು ಮಂದಿ ಬಂದಾರ. ತಾವಾಗೇ ಬಂದಾರ."

ಅಳಿಯ ಎಮ್ಮೆಗಳನ್ನು ನೋಡಿದರು, ನನ್ನನ್ನು ನೋಡಿದರು. ಅವರು ಲೆಕ್ಕಕ್ಕೆ ಬಲು ನಿಯತ್ತಿನ ಮನುಷ್ಯ.

"ಬಂದಿರೋದೇನೋ ಸರಿ. ಒಂದಾದ್ರೂ ಬಾಯ್ಬಿಟ್ಟು ಹೇಳಿತಾ?" ಅಂದರು.

ಹೋಳಿಗೆಯಲ್ಲಿ ಬೇಸ್

ದೀಪಾವಳಿ ಹತ್ತಿರ ಬಂತು. ಬಳ್ಳಾರಿಯ ಕಲ್ಯಾಣ ಮಂಟಪವೊಂದರಲ್ಲಿ ಆರತಕ್ಷತೆ. ಅಳಿಯ ಹೊಸ ಪದ್ಧತಿ ಶುರು ಮಾಡಿದರು. ಬಾಗಿಲ ಹತ್ತಿರ ನಿಂತು, ಹೊರಡುವ ಪ್ರತಿಯೊಬ್ಬರನ್ನೂ "ಕಾರ್ಯಕ್ರಮ ಹೇಗಿತ್ತು?" ಅಂತ ಕೇಳುವುದು.

"ಬಾಳ ಬೇಸ್ ಇತ್ರಿ" ಅಂದರು ಮೊದಲಿನವರು.

ಎರಡನೆಯವರೂ ಅದನ್ನೇ ಅಂದರು. ಹತ್ತನೆಯವರೂ ಅದನ್ನೇ ಅಂದರು.

ಪಾಪ, ಅಳಿಯನ ಮನೆಯಲ್ಲಿ ಹೆಂಡತಿಯೂ ಮೈಸೂರಿನಲ್ಲೇ ಓದಿ ಬೆಳೆದಾಕೆ, ಮಾತೆಲ್ಲ ಅಲ್ಲಿಯದೇ. ನಮ್ಮ 'ಬೇಸ್' ಅವರ ಕಿವಿಗೆ ಬಿದ್ದಿದ್ದರೂ ಅರ್ಥ ತಲೆಗೆ ಹೋಗಿರಲಿಲ್ಲ. ಮೊದಲು ಅವರು ಅದನ್ನು ದೂರು ಅಂದುಕೊಂಡರು. ಓಡಿಬಂದು, "ರೀ, ಬೇಸ್ ತುಂಬ ಜಾಸ್ತಿ ಆಯ್ತಂತೆ, ಕಮ್ಮಿ ಮಾಡಿ" ಅಂದರು. ಕಮ್ಮಿ ಮಾಡಿದೆ. ಮತ್ತೆ ಹೋಗಿ ಕೇಳಿದರು. ಮತ್ತೆ ಬಾಳ ಬೇಸ್. ಇನ್ನೂ ಕಮ್ಮಿ ಮಾಡಿದೆ. ಕೊನೆಗೆ ನನ್ನ ಪೆಟ್ಟಿಗೆಯನ್ನು ಪೂರಾ ಬಂದ್ ಮಾಡಿಸಿದರು. ಆಗ ಹೊರಟ ಅಜ್ಜನೊಬ್ಬ ಅವರ ಕೈ ಹಿಡಿದು ಹೇಳಿದ: "ತಮ್ಮಾ, ಏನ್ ಬೇಸಪ ಅದು! ಇಂಥಾ ಬೇಸ್ ನಾ ನೋಡೇ ಇಲ್ಲ."

ಅಳಿಯ ದಂಗಾದರು. ಹೇಳುವವರ ಮುಖದಲ್ಲಿ ನಗು ಇತ್ತು, ದೂರು ಹೇಳುವವರ ಮುಖ ಹಾಗಿರುವುದಿಲ್ಲ. ನಿಧಾನಕ್ಕೆ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡರು. "ಕ್ಷಮಿಸಿ. ಬಂದ್ ಮಾಡಿದ್ಮೇಲೂ ಜನರ ಕಿವೀಲಿ ನಿಮ್ಮ ಬೇಸೇ ಉಳಿದಿದೆ. ನನಗೆ ಇಷ್ಟು ದಿನ ಗೊತ್ತಾಗ್ಲಿಲ್ಲ."

ನಾನು ಹೇಳಬೇಕಿತ್ತು. ಹೇಳಲಿಲ್ಲ. ಕೀಬೋರ್ಡಿನವನು ನಗು ತಡೆಯಲಾರದೆ ಪರದೆಯ ಹಿಂದೆ ಹೋಗಿ ನಿಂತ. ಎರಡು ವಾರ ನಾನು ರಾಜನಂತೆ ಬದುಕಿದೆ ನೋಡ್ರಿ. ಗಾಡಿಯಲ್ಲಿ ಕಿಟಕಿ ಪಕ್ಕದ ಸೀಟು, ಚಹಾ ಮೊದಲು ನನಗೆ, ಬ್ಯಾನರಿನ ಮೇಲೆ ಗಾಯಕಿಗಿಂತ ದೊಡ್ಡದಾಗಿ ನನ್ನ ಫೋಟೋ. ಕಣ್ಣು ಮುಚ್ಚಿದ ಫೋಟೋ.

ಮೂರನೆಯ ವಾರ ಇನ್ನೊಂದು ಮದುವೆ. ಅಳಿಯ ಬಾಗಿಲಲ್ಲಿ ನಿಂತಿದ್ದರು. ದಪ್ಪನೆಯ ಹೆಣ್ಣುಮಗಳೊಬ್ಬಳು ಎಲೆಯಡಿಕೆ ಜಗಿಯುತ್ತ ಬಂದಳು.

"ಹೇಗಿತ್ತಮ್ಮ?"

"ಬೇಸ್ ಇತ್ರಿ. ಹೋಳಿಗಿ ಬೇಸ್ ಇತ್ತು. ಬದನಿಕಾಯಿ ಪಲ್ಯಾ ಅಂತೂ ಬಾಳ ಬೇಸ್."

ಅಳಿಯ ಅಲ್ಲೇ ನಿಂತುಬಿಟ್ಟರು. ಆಮೇಲೆ ತಿರುಗಿ ನನ್ನ ಹತ್ತಿರ ನಡೆದುಬಂದರು. ದನಿ ತಣ್ಣಗಿತ್ತು.

"ಬದನೇಕಾಯಿ ಪಲ್ಯಕ್ಕೂ ನೀವೇ ನುಡಿಸಿದ್ರಾ?"

ಕಲ್ಲು

ದೀಪಾವಳಿಗೆ ನನ್ನ ಸೀಟು ಹೋಯಿತು. ಅಳಿಯ ಬೈಯಲಿಲ್ಲ, ಅದೇ ಕಷ್ಟವಾದದ್ದು. "ನೀವು ಒಂದು ಮಾತು ಹೇಳಬಹುದಿತ್ತು" ಅಂದರು, ಅಷ್ಟೇ. ಪೆಟ್ಟಿಗೆ ಆಟೋದಲ್ಲಿ ಮನೆಗೆ ಬಂತು. ಅವ್ವ ಅದರ ಮೇಲೊಂದು ಹಾಸು ಹಾಕಿ ಟಿವಿ ಇಟ್ಟಳು. ಅದನ್ನು ನೋಡಿಹೋದ ಕೀಬೋರ್ಡಿನವನು ಆರ್ಕೆಸ್ಟ್ರಾದವರಿಗೆಲ್ಲ ಸುದ್ದಿ ಹೇಳಿದ.

ಒಂದು ಭಾನುವಾರ ಬೆಳಿಗ್ಗೆ ಮನಸ್ಸು ತಡೆಯದೆ ಗಿಟಾರು ಹೆಗಲಿಗೆ ಹಾಕಿಕೊಂಡು ಸಂಗನಕಲ್ಲಿನ ಗುಡ್ಡಕ್ಕೆ ಹೋದೆ. ಆ ಗುಡ್ಡಗಳಲ್ಲಿ ಕೆಲವು ಕರಿ ಬಂಡೆಗಳಿವೆ, ಕಲ್ಲಿನಿಂದ ಹೊಡೆದರೆ ಗಂಟೆಯಂತೆ ದನಿ ಕೊಡುತ್ತವೆ. ಆಡು ಮೇಯಿಸುವ ಅಜ್ಜನೊಬ್ಬ ಸುಮ್ಮನೆ ಕೂತು ಒಂದನ್ನು ಕುಟ್ಟುತ್ತಿದ್ದ. ಕರೆಂಟಿಲ್ಲದ ಗಿಟಾರು ಹಿಡಿದು ನಾನೂ ಪಕ್ಕಕ್ಕೆ ಕೂತೆ. ಅವನು ಠಣ್ ಅನ್ನಿಸಿದ, ನಾನು ಮೆಲ್ಲಗೆ ಮೀಟಿದೆ. ಬಿಸಿಲು ಏರಿತು. ದೀಪಾವಳಿಯಾದ ಮೇಲೆ ಅವತ್ತೇ ಮೊದಲು ನನ್ನ ಉಸಿರು ಹಗುರಾದದ್ದು.

"ಇದನ್ನ ಯಾರ್ ಕೇಳ್ತಾರಜ್ಜ, ಈ ಗುಡ್ಡದಾಗ?" ಅಂತ ಕೇಳಿದೆ.

"ಯಾರೂ ಕೇಳಂಗಿಲ್ಲ. ಆದ್ರ ಆಡು ತಪ್ಪಿಸಿಕೊಂಡ್ರ ಇದೇ ಸದ್ದಿಗೆ ತಿರುಗಿ ಬರ್ತಾವ" ಅಂದ. ಆಮೇಲೆ ನನ್ನ ಗಿಟಾರಿನ ಕಡೆ ಬೆರಳು ಮಾಡಿದ. "ನಿಂದಕ್ಕ ಏನ್ ಬರ್ತಾವ?"

"ಎಮ್ಮಿ" ಅಂದೆ.

ಕುರುಗೋಡಿನಲ್ಲಿ

ನಮ್ಮ ಕಾರ್ಖಾನೆಯ ಕಟಿಂಗ್ ಮಾಸ್ತರರ ಮಗಳ ಆರತಕ್ಷತೆ ಕುರುಗೋಡಿನಲ್ಲಿ ಇತ್ತು. ಅತಿಥಿಯಾಗಿ ಬಸ್ಸಿನಲ್ಲಿ ಹೋದೆ. ಹೋಗಿ ನೋಡಿದರೆ ವೇದಿಕೆಯ ಮೇಲೆ ನಮ್ಮದೇ ಆರ್ಕೆಸ್ಟ್ರಾ, ನಾನಿಲ್ಲದ ಮೊದಲ ಕಾರ್ಯಕ್ರಮ. ನನ್ನ ಜಾಗದಲ್ಲಿ ಒಂದು ಹೂಕುಂಡ ಇಟ್ಟಿದ್ದರು. ಕೀಬೋರ್ಡಿನವನು ಎಡಗೈಯಲ್ಲಿ ಬೇಸ್ ನುಡಿಸಬೇಕಿತ್ತು, ಆದರೆ ಆ ಎಡಗೈಗೆ ಬೇರೆ ಕೆಲಸಗಳೂ ಇದ್ದವು. ಹಾಡಿನ ಸಾಲು ನೋಡಲು ಮೊಬೈಲ್ ಸರಿಸಬೇಕು, ಬೆವರು ಒರೆಸಬೇಕು, ಗಾಯಕಿಗೆ ಸನ್ನೆ ಮಾಡಬೇಕು. ಉಳಿದ ಹೊತ್ತಿನಲ್ಲಿ ಬೇಸ್.

ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಮಿರ್ಚಿ ಅವ್ವನ ಬಂಡಿಯ ಪಕ್ಕ ಹೋಗಿ ನಿಂತೆ. ಅವಳು ಎಂದಿನಂತೆ ವೇದಿಕೆಗೆ ಬೆನ್ನು ಮಾಡಿದ್ದಳು. ನನ್ನನ್ನು ನೋಡಿ ತಲೆಯಾಡಿಸಿ ಎರಡು ಮಿರ್ಚಿ ಕೈಗಿಟ್ಟಳು. ಕಣ್ಣು ಮಾತ್ರ ಪದೇ ಪದೇ ಲೋಟಗಳ ಕಡೆ ಹೋಗುತ್ತಿತ್ತು. ಲೋಟಗಳು ಸದ್ದಿಲ್ಲದೆ ಕೂತಿದ್ದವು. ಹಾಡು ಇನ್ನೂ ಶುರುವಾಗಿಲ್ಲ ಅಂತ ಅವಳು ಎಣ್ಣೆಗೆ ಮಿರ್ಚಿ ಬಿಡುತ್ತಲೇ ಹೋದಳು. ಬುಟ್ಟಿ ತುಂಬಿತು. ಪರಾತ ತುಂಬಿತು. ಆಮೇಲೆ ಪೇಪರ್ ಹಾಸಿ ಅದರ ಮೇಲೆ ಗುಡ್ಡೆ ಹಾಕಿದಳು. ಜನ ಅತ್ತ ಕುರ್ಚಿಯಲ್ಲಿ ಕೂತು ಹಾಡು ಕೇಳುತ್ತಿದ್ದರು, ಇತ್ತ ಕುರುಗೋಡಿನ ಗುಡ್ಡಕ್ಕೆ ಸಮನಾಗಿ ಮಿರ್ಚಿಯ ಗುಡ್ಡ ಏಳುತ್ತಿತ್ತು. ನಾನು ಕೂಗಿ ಹೇಳಿದೆ, ಕೈಸನ್ನೆ ಮಾಡಿದೆ. ಅವಳು ಲೋಟ ತೋರಿಸಿ ನನಗೇ ಬುದ್ಧಿ ಹೇಳಿದಳು.

ಕಾರ್ಯಕ್ರಮ ಮುಗಿಯಿತು. ಅಳಿಯ ಚಹಾ ಕುಡಿಯಲು ಬಂಡಿಗೆ ಬಂದರು. ನನ್ನನ್ನು ನೋಡಿ ಸ್ವಲ್ಪ ಮುಜುಗರಪಟ್ಟರು, ನಾನೂ ಪಟ್ಟೆ. ಏನಾದರೂ ಮಾತಾಡಬೇಕಲ್ಲ ಅಂತ ಅವರು ಮಿರ್ಚಿ ಅವ್ವನ ಕಿವಿಯ ಹತ್ತಿರ ಬಾಗಿ ತಮ್ಮ ಹಳೆಯ ಪ್ರಶ್ನೆಯನ್ನೇ ಕೂಗಿದರು: "ಕಾರ್ಯಕ್ರಮ ಹೇಗಿತ್ತಮ್ಮ?"

ಅವಳು ಸೊಂಟದ ಮೇಲೆ ಕೈಯಿಟ್ಟಳು. "ನಾ ಕೇಳಬೇಕಂತಿದ್ದೆ. ಯಾವಾಗ ಚಾಲೂ ಮಾಡ್ತೀರಪ?"

"ಮುಗೀತಲ್ಲಮ್ಮ! ಎರಡು ಗಂಟೆ ಹಾಡಿದ್ವಿ!"

"ಮುಗೀತಾ?" ಅವಳು ಮಿರ್ಚಿಯ ಗುಡ್ಡೆಯನ್ನು ನೋಡಿದಳು, ಲೋಟಗಳನ್ನು ನೋಡಿದಳು, ಸಿಟ್ಟು ನೆತ್ತಿಗೇರಿತು. "ಹೋಗಪಾ ನಿನ! ಬೇಸ್ ಇರಲಿಲ್ಲ."

ಅಳಿಯ ಚಹಾ ಕೆಳಗಿಟ್ಟರು. ಹೋಳಿಗೆಯ ಹೊಡೆತ ತಿಂದ ಮನುಷ್ಯ, ಈಗ ಹುಷಾರಾಗಿದ್ದರು. ನನ್ನ ಕಡೆ ಒಮ್ಮೆ ನೋಡಿ ಅವಳ ಕಿವಿಗೆ ಇನ್ನಷ್ಟು ಹತ್ತಿರ ಹೋದರು. ಸುತ್ತ ಜನ ಸೇರಿದರು. ಸೌಂಡಿನ ಭಾಯಿಯೂ ಬಂದು ನಿಂತ.

"ಅಮ್ಮಾ, ಸರಿಯಾಗಿ ಹೇಳಿ. ಚೆನ್ನಾಗಿರಲಿಲ್ಲ ಅಂತೀರೋ, ಇಲ್ಲಾ ಇವರು ನುಡಿಸೋ ಆ ಬೇಸ್ ಇರಲಿಲ್ಲ ಅಂತೀರೋ? ಯಾವ ಬೇಸ್?"

ನನ್ನ ಕೈಯಲ್ಲಿದ್ದ ಮಿರ್ಚಿ ತಣ್ಣಗಾಗಿತ್ತು. ಎದೆ ಮಾತ್ರ ಗುಂ ಗುಂ ಅನ್ನುತ್ತಿತ್ತು. ಸಿರುಗುಪ್ಪದ ಅತಿಥಿಗಳು ಡಾಕ್ಟರ ಹತ್ತಿರ ಯಾಕೆ ಓಡಿದರು ಅಂತ ಆಗ ಅರ್ಥವಾಯಿತು.

ಮಿರ್ಚಿ ಅವ್ವ ಅಳಿಯನನ್ನು ದಡ್ಡ ಹುಡುಗನನ್ನು ನೋಡುವಂತೆ ನೋಡಿದಳು.

"ಯಾವ್ದು ಅಂತ ಏನ್ ಕೇಳ್ತಿ? ಎರಡೂ ಇರಲಿಲ್ಲ!"

ಎಲ್ಲರೂ ಗೊಳ್ಳೆಂದು ನಕ್ಕರು. ಅಳಿಯ ನಗಲಿಲ್ಲ. ಸುಮ್ಮನೆ ಒಂದು ಮಿರ್ಚಿ ತೆಗೆದುಕೊಂಡು ಪೂರಾ ತಿಂದರು. ಖಾರಕ್ಕೋ ಏನೋ ಕಣ್ಣು ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಭಾನುವಾರ ಸಿರುಗುಪ್ಪ. ಗಾಡಿ ಹತ್ತು ಗಂಟೆಗೆ. ಪೆಟ್ಟಿಗೆ ಮೇಲಿಂದ ಟಿವಿ ಇಳಿಸಿಡೋಕೆ ಹೇಳಿ" ಅಂದರು.

ನಾನು ತಣ್ಣಗಾದ ಮಿರ್ಚಿಯನ್ನು ಬಂಡಿಯ ಮೇಲಿಟ್ಟು ಅವರ ಎರಡೂ ಕೈ ಹಿಡಿದುಕೊಂಡೆ.

"ಏನಂತಪ ಅಂವಾ?" ಮಿರ್ಚಿ ಅವ್ವ ನನ್ನ ತೋಳು ಹಿಡಿದು ಎಳೆದಳು.

ನಾನು ಬಾಗಿ ಅವಳ ಕಿವಿಯಲ್ಲಿ ಊರಿಗೆಲ್ಲ ಕೇಳುವಂತೆ ಕೂಗಿದೆ: "ಬೇಸ್ ಐತಂತವ್ವಾ!"

ಅವಳು ಲೋಟಗಳನ್ನು ಒಂದಕ್ಕೊಂದು ತಾಗಿಸಿಟ್ಟಳು, ಒಲೆಯ ಉರಿ ಸಣ್ಣ ಮಾಡಿದಳು.

"ಹಂಗಾರ ಇನ್ನಾದ್ರೂ ಚಾಲೂ ಮಾಡ್ರಿ."